ಕಡ ತಂದ ವಿಷ

ವಿಷದ ಕಪ್ಪೆ ಅಂದ ತಕ್ಷಣ ಎಲ್ಲರಿಗೂ ನೆನಪಾಗುವುದು ಅಮೆಜಾನ್. ಸದಾ ತೊಟ್ಟಿಕ್ಕುವ ಮರಗಳು, ಹಬೆಯಾಡುವ ನೆಲ, ಎಲೆ ಮೇಲೆ ಕೂತ ಬಣ್ಣದ ಕಪ್ಪೆ. ನಾನು ಹೇಳಹೊರಟಿರುವ ಕಪ್ಪೆ ಅಂಥ ಜಾಗದ್ದಲ್ಲ. ಇದರ ಊರು ಎಕ್ವಡಾರ್ ದೇಶದ ನೈರುತ್ಯ ಮೂಲೆ, ಜೊತೆಗೆ ಅದಕ್ಕೆ ಅಂಟಿಕೊಂಡ ಪೆರುವಿನ ಒಂದಿಷ್ಟು ಭಾಗ. ಆಂಡೀಸ್ ಬೆಟ್ಟಗಳ ಪಶ್ಚಿಮದ ಇಳಿಜಾರು, ಅದರ ಕೆಳಗಿನ ಒಣಕಾಡು. ಅಲ್ಲಿ ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಮಳೆ. ಮಳೆ ನಿಂತ ಮೇಲೆ ಮರಗಳು ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತವೆ. ಸೇಯ್ಬೊ ಅನ್ನುವ ಬೂರುಗದ ಜಾತಿಯ ದೊಡ್ಡ ಮರ ಇದೆ, ಅದರ ಕಾಂಡವೇ ಹಸಿರು. ಎಲೆ ಇಲ್ಲದ ದಿನಗಳಲ್ಲಿ ತೊಗಟೆಯಲ್ಲೇ ಬಿಸಿಲು ಹೀರಿ ಆಹಾರ ಮಾಡಿಕೊಳ್ಳುತ್ತದೆ. ಮೊದಲ ಮಳೆ ಬಿದ್ದರೆ ಲೋಹಾ ಪ್ರಾಂತ್ಯದ ಗುಡ್ಡಗಳಲ್ಲಿ ಗ್ವಾಯಾಕಾನ್ ಮರಗಳು ಒಮ್ಮೆಗೇ ಹಳದಿ ಹೂ ಬಿಡುತ್ತವೆ. ಬೆಂಗಳೂರಿನ ರಸ್ತೆಗಳಲ್ಲಿ ಹಳದಿ ಹೂ ಚೆಲ್ಲುವ ಟಬೆಬುಯಾ ಇದೆಯಲ್ಲ, ಅದೇ ಬಳಗದ್ದು. ನಮ್ಮಲ್ಲಿಗೆ ಅದು ಬಂದದ್ದೂ ಆ ಖಂಡದಿಂದಲೇ.

ಇಂಥ ಕಡೆ ಕಪ್ಪೆ ಹೇಗೆ ಬದುಕುತ್ತದೆ? ಹಳ್ಳದ ದಂಡೆ ಬಿಟ್ಟು ಜಾಸ್ತಿ ದೂರ ಹೋಗುವುದಿಲ್ಲ. ಕಲ್ಲಿನಡಿ, ಬಿದ್ದ ಎಲೆಗಳಡಿ, ತೇವ ಉಳಿದ ಕಡೆಯಲ್ಲೆಲ್ಲ ಇರುತ್ತದೆ. ಸುಮಾರು 150 ಮೀಟರ್ ಎತ್ತರದಿಂದ 1,700 ಮೀಟರ್‌ವರೆಗೂ ಇದನ್ನು ಕಂಡಿದ್ದಾರೆ. ಕಾಡೇ ಆಗಬೇಕು ಅಂತ ಹಟವೂ ಇಲ್ಲ. ಬಾಳೆ ತೋಟ, ಕೋಕೋ ತೋಟ, ನೀರಾವರಿ ಕಾಲುವೆ, ಎಲ್ಲಾದರೂ ಸರಿ.

ಇದರ ಹೆಸರು ಎಪಿಪೆಡೊಬೇಟಿಸ್ ಆಂಥೊನಿ. ಉದ್ದ ಎರಡು ಸೆಂಟಿಮೀಟರ್ ಚಿಲ್ಲರೆ. ಮೈ ಕಡುಗೆಂಪು ಬೆರೆತ ಕಂದು. ಅದರ ಮೇಲೆ ಬೆನ್ನ ನಡುವೆ ಒಂದು ಪಟ್ಟೆ, ಎರಡು ಪಕ್ಕಕ್ಕೆ ಒಂದೊಂದು, ಕೆನೆ ಬಣ್ಣದವು. ಕೆಲವು ಊರಿನ ಕಪ್ಪೆಗಳಲ್ಲಿ ಆ ಪಟ್ಟೆಗೆ ತಿಳಿಹಸಿರು ಛಾಯೆ. 1921ರಲ್ಲಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದ್ದು ಅಮೆರಿಕದ ಗ್ಲ್ಯಾಡ್ವಿನ್ ಕಿಂಗ್ಸ್‌ಲಿ ನೋಬಲ್. ಹಿಡಿದು ತಂದವರು ಹೆರಾಲ್ಡ್ ಆಂಥೊನಿ. ಅವರ ವಿಷಯ ಸಸ್ತನಿಗಳು, ಕಪ್ಪೆ ಅಲ್ಲ. ಇಲಿ, ಬಾವಲಿ ಹುಡುಕಿಕೊಂಡು ಹೋಗುವವರ ಚೀಲದಲ್ಲಿ ಬಂದ ಕಪ್ಪೆಗೆ ಅವರದೇ ಹೆಸರು ಅಂಟಿಕೊಂಡಿತು.

ಹಗಲು ಹೊತ್ತಿನಲ್ಲೇ ಓಡಾಡುವ ಕಪ್ಪೆ ಇದು. ಗಂಡು ಒಂದು ಎತ್ತರದ ಜಾಗ ಹಿಡಿದು ಕೂತು ಸಣ್ಣ ದನಿಯಲ್ಲಿ ಒಂದೇ ಸಮನೆ ಸಿಳ್ಳು ಹಾಕುತ್ತದೆ. ಹೆಣ್ಣು ಬಂದರೆ ನಮ್ಮ ಕಪ್ಪೆಗಳ ಹಾಗೆ ಕಂಕುಳಲ್ಲಿ ಅಪ್ಪಿಕೊಳ್ಳುವುದಿಲ್ಲ. ಮುಂಗೈಗಳನ್ನು ಅವಳ ಗದ್ದದಡಿ ತಂದು ಹಿಡಿಯುತ್ತದೆ. ಮೊಟ್ಟೆ ಇಡುವುದು ನೀರಿನಲ್ಲಲ್ಲ, ನೆಲದ ಮೇಲೆ, ಎಲೆ ಮರೆಯಲ್ಲಿ. ಒಂದು ಸಲಕ್ಕೆ ಹದಿನೈದರಿಂದ ನಲವತ್ತರವರೆಗೆ. ಆಮೇಲಿನದ್ದೆಲ್ಲ ಗಂಡಿನ ಪಾಲು. ಎರಡು ವಾರ ಕಾವಲು ಕಾಯುತ್ತದೆ, ಒಣಗದಂತೆ ನೋಡಿಕೊಳ್ಳುತ್ತದೆ. ಮರಿಗಳು ಹೊರಬಂದಾಗ ಅವುಗಳ ಮೇಲೆ ಹಿಂಭಾಗ ಇಟ್ಟು ಕೂರುತ್ತದೆ. ಬಾಲದ ಮರಿಗಳು ಒಂದೊಂದಾಗಿ ನುಲಿಯುತ್ತಾ ಬೆನ್ನೇರುತ್ತವೆ. ಎಲ್ಲ ಹತ್ತಿದ ಮೇಲೆ ಬೆನ್ನಿನ ಪಟ್ಟೆ ಕಾಣುವುದೇ ಇಲ್ಲ, ಬರೀ ಕಪ್ಪು ಮರಿಗಳ ಒಂದು ಗುಡ್ಡೆ. ಹಾಗೇ ಹೊತ್ತುಕೊಂಡು ಹೋಗಿ ಹಳ್ಳದ ನಿಂತ ನೀರಿಗೆ ಬಿಟ್ಟು ಬರುತ್ತದೆ. ಇದರ ವಿಡಿಯೋ ನೋಡುತ್ತಾ ಕೂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ.

ಇಷ್ಟೇ ಆಗಿದ್ದರೆ ಕಪ್ಪೆ ತಜ್ಞರ ಪುಸ್ತಕದಲ್ಲಿ ಒಂದು ಪುಟ ತುಂಬಿ ಮುಗಿದಿರುತ್ತಿತ್ತು. 1974ರಲ್ಲಿ ಅಲ್ಲಿಗೆ ಇಬ್ಬರು ಬಂದರು. ಒಬ್ಬರು ಜಾನ್ ಡೇಲಿ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ರಸಾಯನ ವಿಜ್ಞಾನಿ. ಇನ್ನೊಬ್ಬರು ಚಾರ್ಲ್ಸ್ ಮೈಯರ್ಸ್, ನ್ಯೂಯಾರ್ಕಿನ ಮ್ಯೂಸಿಯಂನ ಕಪ್ಪೆ ತಜ್ಞ. ಇಬ್ಬರೂ ಸೇರಿ ದಕ್ಷಿಣ ಅಮೆರಿಕದ ಕಪ್ಪೆಗಳ ಚರ್ಮದಲ್ಲಿ ಏನೇನಿದೆ ಅಂತ ವರ್ಷಗಟ್ಟಲೆ ಹುಡುಕಿದವರು. ಡೇಲಿ ಕಾಡಿನಲ್ಲಿ ಮಾಡುತ್ತಿದ್ದ ಮೊದಲ ಪರೀಕ್ಷೆ ಬಹಳ ಸರಳ. ಕಪ್ಪೆ ಮುಟ್ಟಿದ ಬೆರಳನ್ನು ನಾಲಿಗೆಗೆ ತಾಗಿಸುವುದು. ಉರಿದರೆ ಈ ಕಪ್ಪೆಯಲ್ಲಿ ಏನೋ ಇದೆ ಅಂತ ಲೆಕ್ಕ. ಕೊಲಂಬಿಯಾದ ಕೆಲವು ಕಪ್ಪೆಗಳ ಮೇಲೆ ಈ ಪರೀಕ್ಷೆ ಮಾಡಿದ್ದರೆ ಅವರು ಊರಿಗೆ ವಾಪಸ್ ಬರುತ್ತಿರಲಿಲ್ಲ. ಅಲ್ಲಿನ ಎಂಬೆರಾ ಜನ ಊದುಗೊಳವೆಯ ಬಾಣಕ್ಕೆ ಸವರುತ್ತಿದ್ದದ್ದು ಅಂಥ ಕಪ್ಪೆಗಳ ವಿಷವನ್ನು. ಎಲ್ಲ ವಿಷದ ಕಪ್ಪೆಗಳನ್ನೂ ಬಾಣಕ್ಕೆ ಬಳಸುತ್ತಿದ್ದರು ಅಂತ ಬರೆಯುವವರಿದ್ದಾರೆ. ಅದು ನಿಜವಲ್ಲ. ದಾಖಲೆ ಇರುವುದು ಕೊಲಂಬಿಯಾದ ಮೂರು ಜಾತಿಗಳಿಗೆ ಮಾತ್ರ. ನಮ್ಮ ಒಣಕಾಡಿನ ಕಪ್ಪೆಗೂ ಬಾಣಕ್ಕೂ ಸಂಬಂಧ ಇಲ್ಲ.

ಎಕ್ವಡಾರ್‌ನಿಂದ ತಂದ ಚರ್ಮದ ಸಾರವನ್ನು ಡೇಲಿ ಇಲಿಗೆ ಚುಚ್ಚಿದರು. ಇಲಿಯ ಬಾಲ ಸೆಟೆದು, ಬೆನ್ನ ಮೇಲಕ್ಕೆ ಬಾಗಿ ನಿಂತಿತು. ಔಷಧ ಪರೀಕ್ಷಿಸುವವರಿಗೆ ಈ ಬಾಲದ ಅರ್ಥ ಚೆನ್ನಾಗಿ ಗೊತ್ತು. ಮಾರ್ಫೀನ್ ಕೊಟ್ಟ ಇಲಿಯ ಬಾಲ ನಿಲ್ಲುವುದು ಹೀಗೇ. ಕಪ್ಪೆಯ ಚರ್ಮದಲ್ಲಿ ಅಫೀಮಿನಂಥ ನೋವು ನಿವಾರಕವೇ? ಕುತೂಹಲ ಹುಟ್ಟದೆ ಇರುತ್ತದೆಯೇ? 1976ರಲ್ಲಿ ಮತ್ತೆ ಹೋದರು. 750 ಕಪ್ಪೆಗಳ ಚರ್ಮ ತಂದರು. ಅಷ್ಟೂ ಚರ್ಮ ಅರೆದು ಸೋಸಿ ಬೇರ್ಪಡಿಸಿದಾಗ ಆ ವಸ್ತು ಸಿಕ್ಕಿದ್ದು ಒಂದು ಮಿಲಿಗ್ರಾಂಗಿಂತ ಕಡಿಮೆ.

ಈ 750ರ ಹತ್ತಿರ ನಾನು ಪ್ರತಿ ಸಲ ತಡೆಯುತ್ತೇನೆ. ಆ ಕಾಲದಲ್ಲಿ ಅದು ದೊಡ್ಡ ವಿಷಯ ಅಲ್ಲ, ಎಲ್ಲರೂ ಹಾಗೇ ಮಾಡುತ್ತಿದ್ದರು. ಕಪ್ಪೆಯೂ ಆಗ ಬೇಕಾದಷ್ಟಿತ್ತು. ಆದರೂ ಮರಿ ಹೊತ್ತು ನಡೆಯುವ ಗಂಡು ಕಪ್ಪೆಯ ಬಗ್ಗೆ ಓದಿದ ಮೇಲೆ ಈ ಸಂಖ್ಯೆ ಬರೀ ಸಂಖ್ಯೆಯಾಗಿ ಉಳಿಯುವುದಿಲ್ಲ.

ಸಿಕ್ಕಿದ್ದು ಅಷ್ಟು ಚೂರು. ಅದನ್ನೆಲ್ಲ ಪರೀಕ್ಷೆಗೆ ಸುರಿದುಬಿಟ್ಟರೆ ಆಮೇಲೆ ಏನೂ ಉಳಿಯುವುದಿಲ್ಲ. ಅಣುವಿನ ತೂಕ ಗೊತ್ತಾಯಿತು, ಅದರೊಳಗೆ ಕ್ಲೋರಿನ್ ಇದೆ ಅಂತಲೂ ಗೊತ್ತಾಯಿತು. ಪ್ರಾಣಿಯ ಮೈಯಲ್ಲಿ ಸಿಗುವ ಇಂಥ ವಸ್ತುಗಳಲ್ಲಿ ಕ್ಲೋರಿನ್ ಬಲು ಅಪರೂಪ. ಆದರೆ ಅಣುವಿನ ಪೂರ್ತಿ ರಚನೆ ಬಿಡಿಸುವ ಯಂತ್ರಗಳು ಆಗ ಅಷ್ಟು ಸೂಕ್ಷ್ಮವಾಗಿರಲಿಲ್ಲ. ಮತ್ತೆ ಕಪ್ಪೆ ತರೋಣ ಅಂದರೆ ಬೇರೆ ಕಡೆ ಹಿಡಿದ ಕಪ್ಪೆಗಳಲ್ಲಿ ಆ ವಸ್ತು ಸಿಗಲಿಲ್ಲ. ಪ್ರಯೋಗಾಲಯದಲ್ಲೇ ಸಾಕಿ ಬೆಳೆಸಿದ ಕಪ್ಪೆಗಳಲ್ಲಂತೂ ಇರಲೇ ಇಲ್ಲ. 1987ರಲ್ಲಿ ಈ ಕಪ್ಪೆಗಳ ಮಾರಾಟ, ಸಾಗಾಟಕ್ಕೆ ಅಂತಾರಾಷ್ಟ್ರೀಯ ಒಪ್ಪಂದದ ಕಡಿವಾಣವೂ ಬಿತ್ತು. ಡೇಲಿ ಆ ಚೂರನ್ನು ಮುಟ್ಟದೆ ಎತ್ತಿಟ್ಟರು. ಒಳ್ಳೆಯ ಯಂತ್ರ ಬರಲಿ ಅಂತ ಕಾದರು. ಹತ್ತು ವರ್ಷಕ್ಕೂ ಜಾಸ್ತಿ. ಇಷ್ಟು ತಾಳ್ಮೆ ಇರುವ ವಿಜ್ಞಾನಿಗೆ ಇವತ್ತು ಯಾರು ಅನುದಾನ ಕೊಡುತ್ತಾರೋ ಕಾಣೆ.

ಕೊನೆಗೆ 1992ರಲ್ಲಿ ರಚನೆ ಪ್ರಕಟವಾಯಿತು. ವಸ್ತುವಿಗೆ ಎಪಿಬಾಟಿಡಿನ್ ಅಂತ ಹೆಸರಿಟ್ಟರು. ನೋವು ತಡೆಯುವುದರಲ್ಲಿ ಮಾರ್ಫೀನ್‌ಗಿಂತ ಸುಮಾರು 200 ಪಟ್ಟು ಬಲ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಮಾರ್ಫೀನಿನ ಕೆಲಸ ತಡೆಯುವ ನಲಾಕ್ಸೋನ್ ಕೊಟ್ಟರೂ ಇದರ ಕೆಲಸ ನಿಲ್ಲಲಿಲ್ಲ. ಅಂದರೆ ಇದು ಅಫೀಮಿನ ದಾರಿಯಲ್ಲಿ ನಡೆಯುವ ಔಷಧವೇ ಅಲ್ಲ. ಅಫೀಮಿನ ಚಟ ಹಿಡಿಸದ ನೋವು ನಿವಾರಕ ಸಿಕ್ಕೇಬಿಟ್ಟಿತು ಅಂತ ಎಲ್ಲರೂ ಕುಣಿದಾಡಿದರು. ಮುಂದಿನ ವರ್ಷವೇ ಹಲವು ಪ್ರಯೋಗಾಲಯಗಳು ಅದನ್ನು ಕಪ್ಪೆಯ ಹಂಗಿಲ್ಲದೆ ತಯಾರಿಸಿದವು.

ಹಾಗಾದರೆ ಅದರ ದಾರಿ ಯಾವುದು? ಹೊಗೆಸೊಪ್ಪಿನ ದಾರಿ. ನರಗಳ ಮೇಲೆ ನಿಕೋಟಿನ್ ಹೋಗಿ ಕೂರುವ ಜಾಗಗಳಿವೆ, ಎಪಿಬಾಟಿಡಿನ್ ಕೂರುವುದೂ ಅಲ್ಲೇ, ಇನ್ನೂ ಗಟ್ಟಿಯಾಗಿ. ತೊಂದರೆ ಇರುವುದೂ ಅಲ್ಲೇ. ಆ ಜಾಗಗಳು ನೋವಿನ ನರಗಳಲ್ಲಿ ಮಾತ್ರ ಇಲ್ಲ. ಹೊಟ್ಟೆ, ರಕ್ತದೊತ್ತಡ, ಉಸಿರಾಟದ ಸ್ನಾಯು, ಎಲ್ಲದರ ಕೀಲಿಯೂ ಅವೇ. ಮೊದಲ ಸಲ ಹೊಗೆಸೊಪ್ಪು ಜಗಿದವರಿಗೆ ತಲೆ ಸುತ್ತಿ, ಬೆವರಿ, ವಾಂತಿಯಾಗುವುದನ್ನು ನಾವು ನೋಡಿಲ್ಲವೇ? ಎಪಿಬಾಟಿಡಿನ್ ಅದರ ಕೊನೆಯ ಅಂಚಿಗೆ ಕರೆದೊಯ್ಯುತ್ತದೆ. ನೋವು ಹೋಗುವ ಡೋಸಿಗೂ ಜೀವ ಹೋಗುವ ಡೋಸಿಗೂ ನಡುವೆ ಇರುವ ಜಾಗ ತೀರಾ ಕಮ್ಮಿ.

ಅಬಾಟ್ ಕಂಪನಿಯವರು ಇದೇ ಅಣುವಿನ ಜಾಡು ಹಿಡಿದು ಸ್ವಲ್ಪ ಸೌಮ್ಯವಾದದ್ದೊಂದನ್ನು ಹುಡುಕಿ ತೆಗೆದರು. ಎಬಿಟಿ-594 ಅಂತ ಅದರ ಹೆಸರು. 1998ರಲ್ಲಿ ಅದರ ಸುದ್ದಿ ಬಂದಾಗ ಇನ್ನೇನು ಔಷಧದ ಅಂಗಡಿಗೆ ಬಂತು ಅನ್ನುವ ಹಾಗಿತ್ತು. ಮನುಷ್ಯರ ಮೇಲೆ ಪರೀಕ್ಷೆಯೂ ನಡೆಯಿತು. ಯಾರ ಮೇಲೆ ಗೊತ್ತಾ? ಸಕ್ಕರೆ ಕಾಯಿಲೆಯಿಂದ ಕಾಲಿನ ನರಗಳು ಕೆಟ್ಟು ನೋವು ತಿನ್ನುವವರ ಮೇಲೆ.

ನಾನು ಈ ಕಪ್ಪೆಯ ಬೆನ್ನು ಬಿದ್ದದ್ದು ಇಲ್ಲಿಂದಲೇ. ನಮ್ಮ ಅಮ್ಮನಿಗೆ ಅದೇ ಕಾಯಿಲೆ. ರಾತ್ರಿ ಊಟ ಮುಗಿಸಿ ಮಲಗಿದ ಮೇಲೆ ಶುರುವಾಗುತ್ತದೆ. "ಕೆಂಡದ ಮೇಲೆ ಕಾಲಿಟ್ಟ ಹಾಗಿರುತ್ತೆ ಕಣೋ" ಅನ್ನುತ್ತಾರೆ. ಹೊದಿಕೆ ತಾಗಿದರೂ ಆಗುವುದಿಲ್ಲ. ಎದ್ದು ಬಚ್ಚಲಿಗೆ ಹೋಗಿ ಕಾಲ ಮೇಲೆ ತಣ್ಣೀರು ಸುರಿದುಕೊಳ್ಳುತ್ತಾರೆ. ನರದ ನೋವಿಗೆ ಡಾಕ್ಟರ್ ಬರೆದ ಮಾತ್ರೆ ನುಂಗಿದರೆ ಉರಿ ತಗ್ಗುತ್ತದೆ. ಆದರೆ ಬೆಳಗ್ಗೆ ತುಂಬ ಹೊತ್ತು ಮಂಪರು. ಪೇಪರ್ ಹಿಡಿದುಕೊಂಡೇ ತೂಕಡಿಸುತ್ತಾರೆ. ಆ ಮಾತ್ರೆಗಿಂತ ಒಳ್ಳೆಯದು ಏನಾದರೂ ಇದೆಯಾ ಅಂತ ಸುಮ್ನೆ ಹುಡುಕುತ್ತಿದ್ದಾಗ ಕಾಲುರಿಯಿಂದ ಶುರುವಾದ ಹುಡುಕಾಟ ಎಕ್ವಡಾರ್‌ನ ಹಳ್ಳದ ದಂಡೆಗೆ ತಂದು ನಿಲ್ಲಿಸಿತು.

ಆ ಪರೀಕ್ಷೆಯ ಫಲಿತಾಂಶ 2009ರಲ್ಲಿ ಹೊರಬಂತು. ನೋವು ನಿಜಕ್ಕೂ ತಗ್ಗಿತ್ತು. ಆದರೆ ಅತಿ ಹೆಚ್ಚು ಡೋಸ್ ತೆಗೆದುಕೊಂಡ ಗುಂಪಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಅಡ್ಡಪರಿಣಾಮ ತಾಳಲಾರದೆ ಅರ್ಧಕ್ಕೇ ಬಿಟ್ಟು ಹೋಗಿದ್ದರು. ವಾಕರಿಕೆ, ತಲೆಸುತ್ತು, ವಾಂತಿ. ಅದೇ ಹೊಗೆಸೊಪ್ಪಿನ ಕಾಟ. ಔಷಧ ಅಲ್ಲಿಗೇ ನಿಂತಿತು. ಅಮ್ಮನಿಗೆ ಇದನ್ನೆಲ್ಲ ಹೇಳಿದೆ. "ಕಪ್ಪೆ ವಿಷ ನುಂಗಿ ವಾಂತಿ ಮಾಡ್ಕೊಳ್ಳೋದಕ್ಕಿಂತ ತಣ್ಣೀರೇ ವಾಸಿ" ಅಂದರು. ಅಬಾಟ್‌ನವರ ತೀರ್ಮಾನವೂ ಹೆಚ್ಚುಕಮ್ಮಿ ಅದೇ ಇತ್ತು.

ಸಾಕಿದ ಕಪ್ಪೆಗಳಲ್ಲಿ ಆ ವಸ್ತು ಇರಲಿಲ್ಲ ಅಂತ ಮೇಲೆ ಹೇಳಿದೆನಲ್ಲ. ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಅದೇ. ಹಾವು ತನ್ನ ವಿಷವನ್ನು ತಾನೇ ಮಾಡಿಕೊಳ್ಳುತ್ತದೆ. ಈ ಕಪ್ಪೆಗಳು ಹಾಗಲ್ಲ. ತಿಂದ ಇರುವೆ, ನುಸಿ ಮತ್ತು ಸಣ್ಣಪುಟ್ಟ ಹುಳಗಳಲ್ಲಿದ್ದ ವಿಷವನ್ನು ಜೀರ್ಣಿಸಿ ಹಾಳುಮಾಡದೆ ಹಾಗೇ ಚರ್ಮದ ಗ್ರಂಥಿಗಳಿಗೆ ಸಾಗಿಸುತ್ತವೆ. 1990ರ ದಶಕದಲ್ಲಿ ಡೇಲಿ ತಂಡ ಇದನ್ನು ಬೇರೆ ಜಾತಿಯ ವಿಷದ ಕಪ್ಪೆಗಳಲ್ಲಿ ತೋರಿಸಿಕೊಟ್ಟಿತು. ಹಣ್ಣಿನ ನೊಣ ತಿಂದು ಬೆಳೆದ ಕಪ್ಪೆಯಲ್ಲಿ ವಿಷ ಇಲ್ಲ. ಅದೇ ಕಪ್ಪೆಗೆ ಕಾಡಿನ ಎಲೆರಾಶಿಯ ಹುಳ ತಿನ್ನಿಸಿದರೆ ವಿಷ ಬರುತ್ತದೆ. ಇರುವೆಗೂ ಕೆಲವು ಸಲ ಅದು ಅದರ ಮೇವಿನಿಂದ ಬಂದಿರಬಹುದು. ಕಡ ತಂದದ್ದರ ಮೇಲೆ ಕಡ. ಎಪಿಬಾಟಿಡಿನ್ ಮಾತ್ರ ಯಾವ ಹುಳದಿಂದ ಬರುತ್ತದೆ ಅನ್ನುವುದು ಇನ್ನೂ ಬಿಡಿಸದ ಒಗಟು.

ಹಾಗಾಗಿ ಯುರೋಪ್, ಅಮೆರಿಕದ ಮನೆಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಸಾಕುವ ಆಂಥೊನಿ ಕಪ್ಪೆಗಳು ಪೂರಾ ಸಾಧು. ಸಾಕುವವರಿಗೆ ಇದು ಅಚ್ಚುಮೆಚ್ಚು. ಬೇಗ ಮರಿ ಮಾಡುತ್ತದೆ, ಸಿಳ್ಳು ಹಾಕುತ್ತದೆ, ಹೆದರಿ ಅಡಗುವುದಿಲ್ಲ. ಪೆಟ್ಟಿಗೆಯಲ್ಲೇ ಹುಟ್ಟಿದ ಕಪ್ಪೆಗಳ ತಲೆಮಾರುಗಳೇ ಆಗಿಹೋಗಿವೆ. ಅವನ್ನು ಊರಿನ ಹೆಸರಿಂದ ಗುರುತಿಸುತ್ತಾರೆ, ಸಾಂತಾ ಇಸಾಬೆಲ್ ಕಪ್ಪೆ ಅಂತೆಲ್ಲ. ಆ ಊರಿನ ಬಣ್ಣ ಇದೆ, ಆ ಊರಿನ ವಿಷ ಇಲ್ಲ. ಇದರಲ್ಲಿ ತಪ್ಪೇನೂ ಕಾಣುತ್ತಿಲ್ಲ ನನಗೆ. ಕಾಡಿನಿಂದ ಕದಿಯುವುದಕ್ಕಿಂತ ಸಾಕಿ ಮಾರುವುದು ಎಷ್ಟೋ ವಾಸಿ.

ಕಡ ತಂದ ವಿಷದಿಂದ ಕಪ್ಪೆಯೇ ಯಾಕೆ ಸಾಯುವುದಿಲ್ಲ? 2017ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ರೆಬೆಕಾ ಟಾರ್ವಿನ್ ಮತ್ತು ಜೊತೆಗಾರರು ಇದಕ್ಕೆ ಉತ್ತರ ಕೊಟ್ಟರು. ವಿಷ ಹೋಗಿ ಕೂರುವ ಆ ಜಾಗ ಒಂದು ದೊಡ್ಡ ಪ್ರೋಟೀನ್, ಸಾಲಾಗಿ ಪೋಣಿಸಿದ ಅಮೈನೋ ಆಮ್ಲಗಳಿಂದ ಆದದ್ದು. ಕಪ್ಪೆಯಲ್ಲಿ ಅದರ ಒಂದು ಎಳೆಯ 108ನೇ ಸ್ಥಾನದಲ್ಲಿ ಸೆರೀನ್ ಇರಬೇಕಾದ ಕಡೆ ಸಿಸ್ಟೀನ್ ಇದೆ. ಅಷ್ಟಕ್ಕೇ ಎಪಿಬಾಟಿಡಿನ್ನಿನ ಹಿಡಿತ ಸಡಿಲವಾಗುತ್ತದೆ. ಆದರೆ ಪುಕ್ಕಟೆ ಅಲ್ಲ. ನರದಿಂದ ನರಕ್ಕೆ ಸುದ್ದಿ ಮುಟ್ಟಿಸಲು ಮೈಯೇ ಮಾಡಿಕೊಳ್ಳುವ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕ ಕೂರಬೇಕಾದದ್ದೂ ಅದೇ ಜಾಗದಲ್ಲಿ, ಅದಕ್ಕೂ ಹಿಡಿತ ತಪ್ಪುತ್ತದೆ. ನರಗಳ ಮಾತು ನರಗಳಿಗೆ ಸರಿಯಾಗಿ ಕೇಳಿಸದಿದ್ದರೆ ಕಪ್ಪೆ ಬದುಕುವುದು ಹೇಗೆ? ಅದಕ್ಕೇ ಬೇರೆ ಕಡೆ ಇನ್ನೂ ಒಂದೆರಡು ಸಣ್ಣ ಬದಲಾವಣೆಗಳಾಗಿ ಅದನ್ನು ಸರಿದೂಗಿಸಿವೆ. ಇದೇ 108ನೇ ಸ್ಥಾನದ ಬದಲಾವಣೆ ವಿಷದ ಕಪ್ಪೆಗಳ ಬೇರೆ ಬೇರೆ ಕವಲುಗಳಲ್ಲಿ ತಂತಾನೇ ಆಗಿದೆಯಂತೆ. ಈ ಪ್ರಯೋಗಕ್ಕೆ ಬಳಸಿದ್ದು ಏನು ಅಂದರೆ ಆಫ್ರಿಕಾದ ಇನ್ನೊಂದು ಕಪ್ಪೆಯ ಮೊಟ್ಟೆ. ಅದರೊಳಗೆ ಒಮ್ಮೆ ಮನುಷ್ಯನ ಪ್ರೋಟೀನ್, ಒಮ್ಮೆ ಕಪ್ಪೆಯ ಪ್ರೋಟೀನ್ ತಯಾರಾಗುವಂತೆ ಮಾಡಿ, ವಿಷ ಹಾಕಿ ವಿದ್ಯುತ್ ಅಳೆದರು.

ನೋವು ತಗ್ಗಿಸಿ ಹೊಟ್ಟೆ ಕೆಡಿಸದ ಅಣುವನ್ನು ಮನುಷ್ಯರು ಅಷ್ಟೆಲ್ಲ ಹಣ ಸುರಿದು ಹುಡುಕಿದರು, ದಕ್ಕಲಿಲ್ಲ. ಕಪ್ಪೆ ಅಣುವಿನ ತಂಟೆಗೇ ಹೋಗದೆ ಅದು ಕೂರುವ ಜಾಗವನ್ನೇ ತಿದ್ದಿಕೊಂಡಿದೆ. ನಮಗೆ ಆ ದಾರಿ ಇಲ್ಲ ಬಿಡಿ.

ಎಕ್ವಡಾರ್‌ಗೆ ಇದರಿಂದ ಏನು ಸಿಕ್ಕಿತು? ಏನೂ ಇಲ್ಲ. 1990ರ ದಶಕದ ಕೊನೆಗೆ ಅಲ್ಲಿನ ಪರಿಸರ ಹೋರಾಟಗಾರರು ಇದನ್ನು ಜೈವಿಕ ಕಳ್ಳತನ ಅಂತಲೇ ಕರೆದರು. ತಮಾಷೆ ನೋಡಿ, ಅಣುವಿನ ರಚನೆ ಪ್ರಕಟವಾದ 1992ರಲ್ಲೇ ರಿಯೋದಲ್ಲಿ ಜೀವವೈವಿಧ್ಯ ಒಪ್ಪಂದ ಆಯಿತು. ಒಂದು ದೇಶದ ಜೀವಿಗಳ ಮೇಲೆ ಆ ದೇಶಕ್ಕೆ ಹಕ್ಕಿದೆ, ಲಾಭದಲ್ಲಿ ಪಾಲು ಕೊಡಬೇಕು ಅನ್ನುವ ಒಪ್ಪಂದ. ಕಪ್ಪೆ ಹೋದದ್ದು ಅದಕ್ಕೂ ಮುಂಚೆ. ಅಮೆರಿಕವಂತೂ ಆ ಒಪ್ಪಂದವನ್ನು ಇವತ್ತಿಗೂ ಅನುಮೋದಿಸಿಲ್ಲ. ನಮ್ಮ ಅರಿಶಿನದ ಪೇಟೆಂಟ್ ರಗಳೆ ನೆನಪಿರಬಹುದು. ಅದರಲ್ಲಿ ನಮ್ಮ ವಾದ ಗಟ್ಟಿಯಾಗಿತ್ತು, ಗಾಯಕ್ಕೆ ಅರಿಶಿನ ಹಚ್ಚುವುದು ನಮ್ಮ ಅಜ್ಜಿಯರಿಗೆ ಗೊತ್ತಿದ್ದ ವಿದ್ಯೆ. 1997ರಲ್ಲಿ ಆ ಪೇಟೆಂಟ್ ರದ್ದಾಯಿತು. ಕಪ್ಪೆಯ ಸಂಗತಿ ಅಷ್ಟು ನೇರ ಅಲ್ಲ. ಇದರ ಚರ್ಮದಲ್ಲಿ ನೋವಿನ ಮದ್ದಿದೆ ಅಂತ ಅಲ್ಲಿಯ ಯಾವ ಊರಿನವರೂ ಹೇಳಿಕೊಟ್ಟದ್ದಲ್ಲ, ಡೇಲಿಯವರ ಇಲಿ ಹೇಳಿಕೊಟ್ಟದ್ದು. ಆದರೂ ಕಾಡು ಉಳಿಸಿಕೊಂಡವರಿಗೆ ಒಂದು ಪಾಲು ಬೇಡವೇ? ಬೇಕು ಅಂತಲೇ ನನ್ನ ಅನಿಸಿಕೆ. ಔಷಧ ಅಂಗಡಿಗೆ ಬಂದು ಕಾಸು ಹುಟ್ಟಿದ್ದರೆ ಜಗಳ ಜೋರಾಗಿರುತ್ತಿತ್ತು. ಬರಲಿಲ್ಲ, ಜಗಳವೂ ತಣ್ಣಗಾಯಿತು.

ಇದರ ಜೊತೆ ಇನ್ನೊಂದು ಗೋಜಲು. 1992ರ ಲೇಖನದಲ್ಲಿ ಕಪ್ಪೆಯನ್ನು ಎಪಿಪೆಡೊಬೇಟಿಸ್ ಟ್ರೈಕಲರ್ ಅಂತ ಬರೆದಿದ್ದರು. ಆಗ ಎರಡನ್ನೂ ಒಂದೇ ಜಾತಿ ಅಂದುಕೊಂಡಿದ್ದರು. 2004ರಲ್ಲಿ ಬೇರ್ಪಡಿಸಿದರು. ಟ್ರೈಕಲರ್ ಇರುವುದು ಉತ್ತರಕ್ಕೆ, ಬೊಲಿವಾರ್ ಪ್ರಾಂತ್ಯದ ಕಡೆ. ವಿಷ ಕೊಟ್ಟದ್ದು ದಕ್ಷಿಣದ ಆಂಥೊನಿ. ಇಂದಿಗೂ ಬಹಳ ಕಡೆ ಹಳೆಯ ಹೆಸರೇ ಓಡಾಡುತ್ತಿದೆ.

ಈಗ ಆ ಒಣಕಾಡಿನ ಸ್ಥಿತಿ ಚೆನ್ನಾಗಿಲ್ಲ. ಎಲ್ ಓರೊ ಪ್ರಾಂತ್ಯದ ಮಚಾಲಾ ಪಟ್ಟಣ ತನ್ನನ್ನು ಜಗತ್ತಿನ ಬಾಳೆಯ ರಾಜಧಾನಿ ಅಂತ ಕರೆದುಕೊಳ್ಳುತ್ತದೆ. ಬಾಳೆ ರಫ್ತಿನಲ್ಲಿ ಎಕ್ವಡಾರೇ ಮುಂದು. ಎಲೆ ಚುಕ್ಕೆ ರೋಗಕ್ಕೆ ತೋಟಗಳ ಮೇಲೆ ವಿಮಾನದಿಂದ ಔಷಧ ಸುರಿಯುತ್ತಾರೆ. ಮೇಲಿನ ಗುಡ್ಡಗಳಲ್ಲಿ, ಜರುಮಾ ಮತ್ತು ಪೊರ್ತೊವೆಲೊ ಕಡೆ, ಚಿನ್ನದ ಗಣಿ. ಅಲ್ಲಿನ ಪಾದರಸ, ಸಯನೈಡ್ ಪುಯಾಂಗೊ ನದಿ ಸೇರಿ ಪೆರುವಿನವರೆಗೂ ಹರಿಯುತ್ತದೆ. ನೋಬಲ್ ಈ ಕಪ್ಪೆಯನ್ನು ವರ್ಣಿಸಿದ ಮೊದಲ ಮಾದರಿ ಸಿಕ್ಕ ಸಾಲ್ವಿಯಾಸ್ ಕೂಡ ಅದೇ ಪ್ರಾಂತ್ಯದ್ದು.

ಇಷ್ಟಾದರೂ ಆಂಥೊನಿ ಕಪ್ಪೆ ತೀರಾ ಅಳಿವಿನಂಚಿಗೆ ಬಂದಿಲ್ಲ, ಅಪಾಯದ ಹತ್ತಿರ ಇದೆ ಅನ್ನುವ ಗುಂಪಿನಲ್ಲಿದೆ. ತೋಟದಲ್ಲೂ ಬದುಕುವ ಗಟ್ಟಿ ಜೀವ ಅಲ್ವಾ. ಆದರೆ ವಿಷದ ಕಪ್ಪೆಗಳ ಚರ್ಮದಲ್ಲಿ ಏನಿರುತ್ತದೆ ಅನ್ನುವುದು ಊರಿಂದ ಊರಿಗೆ, ಗುಡ್ಡದಿಂದ ಗುಡ್ಡಕ್ಕೆ ಬದಲಾಗುತ್ತದೆ. ಕಪ್ಪೆ ಅದೇ, ಮೇವು ಬೇರೆ. ಬಾಳೆ ಬುಡದಲ್ಲಿ ಕಪ್ಪೆ ಆರಾಮಾಗಿ ಸಿಳ್ಳು ಹಾಕುತ್ತಿದ್ದರೂ ಅದರ ಬೆನ್ನಲ್ಲಿ ಎಪಿಬಾಟಿಡಿನ್ ಇದೆಯೋ ಇಲ್ಲವೋ ಹೊರಗಿನಿಂದ ಹೇಳಲು ಬರುವುದಿಲ್ಲ. ಹಾಗಾಗಿ ಈ ಕಪ್ಪೆಯ ಬಗ್ಗೆ ಮುಂದೆ ಯಾವ ಸುದ್ದಿ ಬರಲಿ ಅಂತ ಯಾರಾದರೂ ಕೇಳಿದರೆ, ಹೊಸ ಮಾತ್ರೆಯ ಸುದ್ದಿ ಅನ್ನುವುದಿಲ್ಲ. ಆ ಹುಳ ಯಾವುದು ಅಂತ ಯಾರಾದರೂ ಹುಡುಕಿ ಹೇಳಲಿ. ಅದು ಒಣಕಾಡಿನ ಎಲೆರಾಶಿಯಲ್ಲಿ ಮಾತ್ರ ಸಿಗುವಂಥದ್ದೋ, ಕಾಲುವೆ ಬದಿಯಲ್ಲೂ ಇರುವಂಥದ್ದೋ, ವಿಮಾನದ ಸಿಂಪಡಣೆಗೆ ಸಾಯುವಂಥದ್ದೋ ಗೊತ್ತಾದರೆ, ಯಾವ ಗುಡ್ಡ ಉಳಿಸಬೇಕು ಅಂತ ಕೈ ತೋರಿಸಿ ಹೇಳಬಹುದು.